ಸಂಜೆ ಕಛೇರಿ, ರಾತ್ರಿ ತಿಂಡಿ ಬೀದಿ: ರಜೆಯ ಒಂದು ತಿಂಗಳು ಕಳೆಯುವುದು ಹೇಗೆ?

ಯುಗಾದಿ ಕಳೆದು ಪರೀಕ್ಷೆಗಳು ಒಂದೊಂದಾಗಿ ಮುಗಿಯುತ್ತಿದ್ದಂತೆ ಬೆಂಗಳೂರಿನ ರಾಮನವಮಿ ಸಂಗೀತ ಕಛೇರಿಗಳ ಚಪ್ಪರಗಳಿಗೆ ಕಾಲೇಜು ಹುಡುಗ ಹುಡುಗಿಯರು ಗುಂಪು ಕಟ್ಟಿಕೊಂಡು ಬರುತ್ತಾರೆ. ಮೊದಲ ದಿನ ಮುಂದಿನ ಸಾಲು. ಎರಡನೆಯ ದಿನ ಅರ್ಧಕ್ಕೇ ಎದ್ದು ಹೊರಡುತ್ತಾರೆ. ಮೂರನೆಯ ದಿನ ಬರುವುದೇ ಇಲ್ಲ. ಕೇಳಿದರೆ ‘ನಮಗೆ ಶಾಸ್ತ್ರೀಯ ಸಂಗೀತ ಅರ್ಥವಾಗಲ್ಲ’ ಅನ್ನುತ್ತಾರೆ. ಅರ್ಥವಾಗುವ ಮಾತು ಆಮೇಲಿನದು. ಹೊಟ್ಟೆ ಬಿರಿಯ ತಿಂದು ಬಂದು ಧ್ವನಿವರ್ಧಕದ ಬುಡದಲ್ಲಿ ಕೂತವರಿಗೆ, ತಾಳ ಎಲ್ಲಿಂದ ಹಿಡಿಯಬೇಕೆಂದು ಗೊತ್ತಿಲ್ಲದವರಿಗೆ ಮೂರು ಗಂಟೆಯ ಕಛೇರಿ ಶಿಕ್ಷೆಯೇ. ಈ ಮೂರನ್ನೂ ಸರಿಮಾಡಿಕೊಳ್ಳಬಹುದು.

ದಿನಗಳನ್ನು ಆರಿಸಿಕೊಳ್ಳಿ

ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದಿರುವ ಉತ್ಸವ ಒಂದು ತಿಂಗಳಷ್ಟು ಉದ್ದ. ಕೋಟೆ ಹೈಸ್ಕೂಲಿನ ಮೈದಾನ ಅಂದರೆ ಹಳೇ ಬೆಂಗಳೂರಿಗರಿಗೆ ಇದೇ ಉತ್ಸವ ನೆನಪಾಗುತ್ತದೆ. ಇದಲ್ಲದೆ ಬಡಾವಣೆಗೊಂದರಂತೆ ಸಣ್ಣ ರಾಮನವಮಿ ಉತ್ಸವಗಳಿವೆ. ಅವುಗಳಲ್ಲಿ ಬಹಳಷ್ಟಕ್ಕೆ ಟಿಕೆಟ್ ಇರುವುದಿಲ್ಲ. ಆಹ್ವಾನ ಪತ್ರಿಕೆ ಕೈಗೆ ಬಂದ ಕೂಡಲೇ ಸ್ಥಳ, ಸಮಯ, ಟಿಕೆಟ್ ನೋಡಿಕೊಳ್ಳಿ, ಇವು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ.

ತಿಂಗಳಿಗೆ ಎಂಟು ಕಛೇರಿ ಸಾಕು, ವಾರಕ್ಕೆ ಎರಡು. ಮೊದಲ ವಾರವೇ ಆರು ಕೇಳಿದವರು ಎರಡನೇ ವಾರದಲ್ಲಿ ಕಾಣಿಸುವುದಿಲ್ಲ. ಎಂಟರಲ್ಲಿ ನಾಲ್ಕು ಹಾಡುಗಾರಿಕೆ, ಎರಡು ವಾದ್ಯ (ವೀಣೆ ಒಂದಿರಲೇಬೇಕು), ಒಂದು ಹಿಂದೂಸ್ತಾನಿ ಇರಲಿ. ಉಳಿದ ಒಂದನ್ನು ಮುಖ್ಯ ಕಛೇರಿಗೆ ಮುಂಚೆ ಕಿರಿಯ ಕಲಾವಿದರಿಗೆ ಕೊಡುವ ಒಂದು ಗಂಟೆಯ ಅವಧಿಗೆ ಮೀಸಲಿಡಿ. ಸಾಧ್ಯವಾದರೆ ಅದರಿಂದಲೇ ಶುರುಮಾಡಿ. ಹಾಡುವವರು ನಿಮ್ಮದೇ ವಯಸ್ಸಿನವರು, ಕೃತಿಗಳು ಚಿಕ್ಕವು, ಕಿವಿ ಹದಕ್ಕೆ ಬರುತ್ತದೆ.

ಮುಂಚೆ ಇಡ್ಲಿ, ದೋಸೆ ಬೇರೆ ದಿನ

ಮುಖ್ಯ ಕಛೇರಿ ಸಾಮಾನ್ಯವಾಗಿ ಆರೂವರೆಯ ಸುಮಾರಿಗೆ ಶುರು. ಐದಕ್ಕೆ ತಿಂಡಿ ಮುಗಿದಿರಬೇಕು. ಎರಡು ಇಡ್ಲಿ, ಒಂದು ಉದ್ದಿನ ವಡೆ, ಒಂದು ಕಾಫಿ. ಅದಕ್ಕಿಂತ ಹೆಚ್ಚು ಬೇಡ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಇದಕ್ಕೆ ಹೇಳಿ ಮಾಡಿಸಿದ ಜಾಗ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ–ಟೀ, ಅಷ್ಟೇ. ಅಲ್ಲಿ ಸಾಂಬಾರ್ ಕೇಳಬೇಡಿ, ಮಾಡುವುದೇ ಇಲ್ಲ. ಚಟ್ನಿಯನ್ನು ಮಾತ್ರ ಎಷ್ಟು ಸಲ ಬೇಕಾದರೂ ಹಾಕಿಸಿಕೊಳ್ಳಬಹುದು. ನಿಂತು ತಿಂದು ಹೊರಟರೆ ಮೈದಾನ ನಡೆದೇ ಮುಟ್ಟುವ ದೂರದಲ್ಲಿದೆ. ಭಾನುವಾರ ರಜೆ ಎಂಬುದು ನೆನಪಿರಲಿ.

ಮಸಾಲೆ ದೋಸೆ ತಿಂದು ಕಛೇರಿಗೆ ಹೋಗಬಾರದು. ಎಣ್ಣೆ, ಆಲೂಗೆಡ್ಡೆ ಪಲ್ಯ, ಏಪ್ರಿಲ್ ಸೆಕೆ ಮೂರೂ ಸೇರಿದರೆ ಆಲಾಪನೆ (ತಾಳವಿಲ್ಲದೆ ರಾಗವನ್ನಷ್ಟೇ ಬೆಳೆಸುವುದು) ಶುರುವಾಗುವ ಹೊತ್ತಿಗೆ ಕಣ್ಣು ಎಳೆಯುತ್ತದೆ. ದೋಸೆಗೆ ಕಛೇರಿ ಇಲ್ಲದ ದಿನದ ಬೆಳಗ್ಗೆ ಇಟ್ಟುಕೊಳ್ಳಿ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ (1943ರದ್ದು, ಶುಕ್ರವಾರ ರಜೆ) ವಾರದ ದಿನ ಎಂಟರೊಳಗೆ ಹೋದರೆ ಸಾಲು ಕಡಿಮೆ. ಇಬ್ಬರಿದ್ದರೆ ಎರಡು ದೋಸೆ ಒಟ್ಟಿಗೆ ಹೇಳಿ. ಒಬ್ಬರೇ ಎರಡು ತಿನ್ನುವುದಾದರೆ ಒಂದು ಮುಗಿದ ಮೇಲೆ ಇನ್ನೊಂದು ಹೇಳಿ. ಆ ದೋಸೆ ದಪ್ಪ. ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ. ಪಲ್ಯದ ಹಬೆ ಒಳಗಿನಿಂದ ಏರುತ್ತ ಕೆಲವೇ ನಿಮಿಷದಲ್ಲಿ ಗರಿ ಇಳಿದುಬಿಡುತ್ತದೆ. ಅದಕ್ಕೇ ಮೊದಲು ಅಂಚು ಮುರಿದು ತಿನ್ನಿ, ಪಲ್ಯದ ಭಾಗ ಕೊನೆಗೆ. ತೆಳ್ಳನೆ ಚಟ್ನಿಯನ್ನು ದೋಸೆಯ ಮೇಲೆ ಸುರಿಸಿಕೊಳ್ಳಬೇಡಿ, ಪಕ್ಕಕ್ಕೆ ಹಾಕಿಸಿ.

ಚಪ್ಪರಕ್ಕೆ ಒಯ್ಯಲು ಮನೆಯಲ್ಲೇ ಪಾನಕ ಮಾಡಿಕೊಳ್ಳಿ. ಒಂದು ಲೀಟರ್ ನೀರಿಗೆ 150 ಗ್ರಾಂ ಬೆಲ್ಲ ಕರಗಿಸಿ ಬಟ್ಟೆಯಲ್ಲಿ ಸೋಸಿ (ಬೆಲ್ಲದಲ್ಲಿ ಮರಳಿರುತ್ತದೆ), ಅರ್ಧ ಚಮಚ ಶುಂಠಿ ಪುಡಿ, ಕಾಲು ಚಮಚ ಕಾಳುಮೆಣಸಿನ ಪುಡಿ, ನಾಲ್ಕು ಏಲಕ್ಕಿ, ಹೊರಡುವ ಮುಂಚೆ ಒಂದು ನಿಂಬೆಹಣ್ಣಿನ ರಸ. ಅಂಗಡಿಯಲ್ಲಿ ಬಾಟಲಿಯಲ್ಲಿ ಸಿಗುವ ಎಸೆನ್ಸ್ ವಾಸನೆಯ ‘ಪಾನಕ’ ಬೇಡವೇ ಬೇಡ. ಮಜ್ಜಿಗೆಯನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಒಯ್ದರೆ ಈ ಸೆಕೆಗೆ ಏಳು ಗಂಟೆಗೇ ಹುಳಿಯಾಗಿರುತ್ತದೆ.

ಕೂರುವ ಜಾಗ

ಸಾಮಾನ್ಯವಾಗಿ ಹಾಡುಗಾರರ ಬಲಕ್ಕೆ ಮೃದಂಗ, ಎಡಕ್ಕೆ ಪಿಟೀಲು. ನಮ್ಮ ಕಡೆಯಿಂದ ನೋಡಿದರೆ ಮೃದಂಗ ಎಡಗಡೆ. ಮೃದಂಗದವರು ಹಾಡುವವರ ಕಡೆ ಮುಖ ಮಾಡಿರುವುದರಿಂದ ಅವರ ಬಲಗೈ ನಮ್ಮ ಕಡೆಗಿರುತ್ತದೆ. ಹೀಗಾಗಿ ನಡುವಿನ ಸಾಲಿನಲ್ಲಿ ಸ್ವಲ್ಪ ಬಲಕ್ಕೆ ಸರಿದು ಕೂತರೆ ಆ ಕೈ, ಹಾಡುವವರು ತೊಡೆಯ ಮೇಲೆ ಹಾಕುವ ತಾಳ ಎರಡೂ ಕಾಣುತ್ತವೆ. ಧ್ವನಿವರ್ಧಕದಿಂದ ಕನಿಷ್ಠ ಎಂಟು ಹತ್ತು ಸಾಲು ದೂರವಿರಿ. ಅದರ ಮುಂದೆಯೇ ಕೂತರೆ ಪಿಟೀಲಿನ ಮೇಲಿನ ಸ್ಥಾಯಿ ಕಿವಿಗೆ ಚುಚ್ಚುತ್ತದೆ, ತಂಬೂರಿ ಕೇಳಿಸುವುದೇ ಇಲ್ಲ. ತೀರಾ ಹಿಂದೆ ಕೂತರೆ ರಸ್ತೆಯ ಹಾರ್ನು.

ಸಾಧ್ಯವಾದರೆ ತೊಡೆ ತಟ್ಟುತ್ತ ಕೂತ ಹಿರಿಯರ ಹಿಂದಿನ ಕುರ್ಚಿ ಹಿಡಿಯಿರಿ. ಏಕೆಂದು ಮುಂದೆ ನೋಡಿ.

ತಾಳ ಹಿಡಿಯುವುದು: ಎಲ್ಲರೂ ಎಡವುವುದು ಇಲ್ಲೇ

ಒಂದೇ ತಾಳ ಕಲಿಯಿರಿ, ಆದಿ ತಾಳ. ಅಂಗೈಯಿಂದ ತೊಡೆಗೆ ಒಂದು ಪೆಟ್ಟು. ನಂತರ ಕಿರುಬೆರಳು, ಉಂಗುರ ಬೆರಳು, ನಡುಬೆರಳು ಒಂದೊಂದಾಗಿ. ಇದು ನಾಲ್ಕು. ಆಮೇಲೆ ಪೆಟ್ಟು, ಅಂಗೈ ಮಗುಚಿ ಹುಸಿ. ಮತ್ತೆ ಪೆಟ್ಟು, ಹುಸಿ. ಒಟ್ಟು ಎಂಟು ಎಣಿಕೆ, ಒಂದು ಆವರ್ತ. ಮನೆಯಲ್ಲಿ ಗಡಿಯಾರದ ಸೆಕೆಂಡು ಮುಳ್ಳಿಗೆ ಸರಿಯಾಗಿ ದಿನಕ್ಕೆ ಐದು ನಿಮಿಷ, ಒಂದು ವಾರ ಹಾಕಿ. ಮಾತಾಡುತ್ತಲೇ ಹಾಕಲು ಬರುವಷ್ಟು ಕೈಗೆ ಕೂರಬೇಕು.

ಮೊದಲ ತಪ್ಪು: ಮೃದಂಗದ ಪೆಟ್ಟು ಕೇಳಿಕೊಂಡು ತಾಳ ಹಾಕುವುದು. ಮೃದಂಗ ತಾಳದ ಎಣಿಕೆಯನ್ನು ಬಾರಿಸುವುದಿಲ್ಲ. ಎಣಿಕೆಗಳ ನಡುವೆ ತುಂಬುತ್ತದೆ, ಕೆಲವು ಕಡೆ ಬೇಕೆಂದೇ ಬಿಟ್ಟು ಹೋಗುತ್ತದೆ. ನೋಡಬೇಕಾದ್ದು ಹಾಡುವವರ ಕೈ. ವೀಣೆ, ಪಿಟೀಲು, ಕೊಳಲಿನ ಕಛೇರಿಯಲ್ಲಿ ಕೈ ಬಿಡುವಿರುವುದಿಲ್ಲ. ಆಗ ಮುಂದಿನ ಕುರ್ಚಿಯ ಹಿರಿಯರ ಕೈ ನೋಡಿ.

ಎರಡನೇ ತಪ್ಪು: ಸಾಹಿತ್ಯದ ಮೊದಲ ಅಕ್ಷರವೇ ಮೊದಲ ಪೆಟ್ಟು ಎಂದುಕೊಳ್ಳುವುದು. ಬಹಳಷ್ಟು ಕೃತಿಗಳು ಪೆಟ್ಟು ಬಿದ್ದು ಅರ್ಧ ಎಣಿಕೆಯೋ ಒಂದೂವರೆ ಎಣಿಕೆಯೋ ಕಳೆದ ಮೇಲೆ ಎದ್ದುಕೊಳ್ಳುತ್ತವೆ. ಈ ಜಾಗಕ್ಕೆ ಎಡುಪು ಎನ್ನುತ್ತಾರೆ. ಪಲ್ಲವಿ ಹೇಗೂ ಹಲವು ಸಲ ಮರಳಿ ಬರುತ್ತದೆ. ಮೊದಲ ಎರಡು ಸಲ ಕೈ ಆಡಿಸದೆ ಪೆಟ್ಟು ಯಾವ ಅಕ್ಷರದ ಮೇಲೆ ಬೀಳುತ್ತದೆಂದು ನೋಡಿ, ಮೂರನೇ ಸಲ ಸೇರಿಕೊಳ್ಳಿ. ತಪ್ಪಿದರೆ ಅವಸರದಲ್ಲಿ ಸರಿಮಾಡಲು ಹೋಗಬೇಡಿ. ಕೈ ನಿಲ್ಲಿಸಿ, ಮುಂದಿನ ಪಲ್ಲವಿಗೆ ಕಾಯಿರಿ.

ಮೂರನೆಯದು ವಿಳಂಬದ, ಅಂದರೆ ನಿಧಾನ ಗತಿಯ ಕೃತಿಯಲ್ಲಿ. ಅಲ್ಲಿ ಪ್ರತಿ ಬೆರಳನ್ನೂ ಎರಡೆರಡು ಸಲ ತಟ್ಟುತ್ತಾರೆ, ಎಂಟು ಹೋಗಿ ಹದಿನಾರಾಗುತ್ತದೆ. ತಾಳ ಬದಲಾಯಿತೆಂದು ಗಾಬರಿ ಬೇಡ, ಇದು ಎರಡು ಕಳೆಯ ಆದಿ ತಾಳವೇ.

ಎಣಿಕೆ ಎಂಟಕ್ಕೆ ಕೂರದಿದ್ದರೆ ‘ತಕಿಟ ತಕಧಿಮಿ’ ಎಂದು ಬಾಯಲ್ಲಿ ಹೇಳಿ ನೋಡಿ. ಕೂತರೆ ಮಿಶ್ರಛಾಪು, ಏಳು. ‘ತಕ ತಕಿಟ’ ಕೂತರೆ ಖಂಡಛಾಪು, ಐದು. ಪೆಟ್ಟು, ಪೆಟ್ಟು, ಹುಸಿ ಎಂದು ಮೂರಕ್ಕೆ ಕೂತರೆ ರೂಪಕ. ಒಂದು ಸಂಜೆಯ ಬಹುಪಾಲು ಇಷ್ಟರಲ್ಲೇ ಮುಗಿಯುತ್ತದೆ.

ರಾಗ ಗುರುತಿಸುವ ಆ್ಯಪ್‌ಗಳನ್ನು ಚಪ್ಪರದಲ್ಲಿ ತೆಗೆಯಬೇಡಿ. ಮೈಕಿನ ಸದ್ದು, ಜನರ ಸದ್ದಿನ ನಡುವೆ ಅವು ತಪ್ಪು ಹೇಳುವುದೇ ಹೆಚ್ಚು, ಮೊಬೈಲಿನ ಬೆಳಕು ಹಿಂದಿನವರ ಕಣ್ಣಿಗೆ ಬೇರೆ. ಅದರ ಬದಲು ತಿಂಗಳಿಗೆ ಎರಡೇ ರಾಗ, ಶಂಕರಾಭರಣ ಮತ್ತು ಕಲ್ಯಾಣಿ, ಮನೆಯಲ್ಲಿ ಕೇಳಿಕೊಳ್ಳಿ. ಏಳು ಸ್ವರಗಳಲ್ಲಿ ವ್ಯತ್ಯಾಸ ಒಂದರಲ್ಲೇ: ಮೊದಲನೆಯದರಲ್ಲಿ ಶುದ್ಧ ಮಧ್ಯಮ (ಕೆಳಗಿನ ‘ಮ’), ಎರಡನೆಯದರಲ್ಲಿ ಪ್ರತಿ ಮಧ್ಯಮ (ಮೇಲಿನ ‘ಮ’). ಆ ಒಂದು ‘ಮ’ ಬೇರೆಯಾಗಿ ಕೇಳಿಸಿದ ದಿನ ಕಿವಿ ತೆರೆಯಿತೆಂದೇ ಲೆಕ್ಕ.

ತನಿ ಆವರ್ತನಕ್ಕೆ ಏಳಬೇಡಿ

ಕಛೇರಿ ಸಾಮಾನ್ಯವಾಗಿ ವರ್ಣ ಎಂಬ ರಚನೆಯಿಂದ ಶುರುವಾಗುತ್ತದೆ, ಮೂರು ನಾಲ್ಕು ಕೃತಿ ಬರುತ್ತವೆ. ಒಂದು, ಒಂದೂಕಾಲು ಗಂಟೆ ಕಳೆದ ಮೇಲೆ ಒಂದು ರಾಗದ ಆಲಾಪನೆ ಹತ್ತು ಹದಿನೈದು ನಿಮಿಷಕ್ಕೆ ಬೆಳೆಯಿತೆಂದರೆ, ಪಿಟೀಲಿನವರೂ ಅಷ್ಟೇ ಸಾವಧಾನವಾಗಿ ಅದನ್ನೇ ನುಡಿಸಿದರೆಂದರೆ ಸಂಜೆಯ ಪ್ರಧಾನ ಕೃತಿ ಬಂತು. ಮುಂದೆ ಕೃತಿ, ಅದರಲ್ಲಿ ಒಂದೇ ಸಾಲನ್ನು ಹಿಡಿದು ಬಗೆಬಗೆಯಾಗಿ ಬೆಳೆಸುವ ನೆರವಲ್, ಸ್ವರಗಳನ್ನು ಆಗಲೇ ಹೆಣೆದು ಹಾಡುವ ಕಲ್ಪನಾಸ್ವರ, ಕೊನೆಗೆ ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನ.

ಹಾಡು ನಿಂತು ಮೃದಂಗ ಒಂದೇ ಆದ ಕೂಡಲೇ ಚಪ್ಪರದ ಅರ್ಧ ಜನ ಬೋಂಡಾ–ಕಾಫಿಗೆ ಏಳುತ್ತಾರೆ. ಎರಡು ಗಂಟೆಯಿಂದ ಜೊತೆಗೂಡಿ ನುಡಿಸಿದವರಿಗೆ ಒಂಟಿಯಾಗಿ ಸಿಗುವ ಹೊತ್ತು ಇದೊಂದೇ. ಅವರ ಕಣ್ಣೆದುರಿಗೇ ಕುರ್ಚಿ ಸರಿಸಿಕೊಂಡು ಹೋಗುವುದು ಕಲಾವಿದರಿಗೆ ಮಾಡುವ ಅವಮಾನ. ತಾಳ ಕಲಿತವರಿಗಂತೂ ಇಡೀ ಕಛೇರಿಯಲ್ಲಿ ಇದಕ್ಕಿಂತ ರುಚಿಯಾದ ಭಾಗ ಇನ್ನೊಂದಿಲ್ಲ.

ಕೈಯಲ್ಲಿ ತಾಳ ಬಿಡದೆ ಕೇಳಿ. ಮೊದಲು ಮೃದಂಗ ಒಂದು ಸುತ್ತು, ನಂತರ ಘಟವೋ ಖಂಜಿರವೋ ಒಂದು ಸುತ್ತು. ಹೀಗೆ ಒಂದೆರಡು ಸಲ ಆದ ಮೇಲೆ ಇಬ್ಬರ ಸರದಿಯೂ ಗಿಡ್ಡವಾಗುತ್ತ ಬರುತ್ತದೆ: ನಾಲ್ಕು ಆವರ್ತ, ಎರಡು, ಒಂದು, ಅರ್ಧ, ಕಾಲು. ಇದೇ ಕೊರಪ್ಪು. ಕೊನೆಗೆ ಇಬ್ಬರೂ ಸೇರಿ ಮೋರಾ (ಮುಗಿಯುತ್ತಿದೆ ಎಂದು ಸೂಚಿಸುವ ನುಡಿಕೆ) ನುಡಿಸಿ ಮುಕ್ತಾಯಕ್ಕೆ ಬರುತ್ತಾರೆ. ಅಲ್ಲಿ ಒಂದೇ ಜತಿಯನ್ನು (ಪೆಟ್ಟುಗಳ ಜೋಡಣೆಯನ್ನು) ಮೂರು ಸಲ ನುಡಿಸುತ್ತಾರೆ. ಮೊದಲ ಸಲ ಅದು ಎಲ್ಲಿಗೆ ಹೋಗುತ್ತಿದೆಯೆಂದೇ ತಿಳಿಯುವುದಿಲ್ಲ, ಎರಡನೇ ಸಲಕ್ಕೆ ಆಕಾರ ಸಿಗುತ್ತದೆ. ಮೂರನೆಯದು ಸರಿಯಾಗಿ ಎಡುಪಿಗೆ ಬಂದು ಬೀಳುತ್ತದೆ, ಅದೇ ಕ್ಷಣ ಹಾಡುವವರು ಬಿಟ್ಟಿದ್ದ ಸಾಲನ್ನು ಎತ್ತಿಕೊಳ್ಳುತ್ತಾರೆ. ನಿಮ್ಮ ಕೈಯ ಎಣಿಕೆಯೂ ಅಲ್ಲೇ ಬಂದು ಸೇರಿದರೆ ಮೈ ಜುಮ್ಮೆನ್ನುತ್ತದೆ. ನಡುವೆ ಚಪ್ಪಾಳೆ ತಟ್ಟಿ ಎಣಿಕೆ ಕಳೆದುಕೊಳ್ಳಬೇಡಿ.

ಹೊರಗೆ ಹೋಗಲೇಬೇಕಿದ್ದರೆ ಎರಡು ಕೃತಿಗಳ ನಡುವೆ, ಚಪ್ಪಾಳೆಯ ಹೊತ್ತಿಗೆ ಹೋಗಿ. ತನಿ ಮುಗಿದ ಮೇಲೂ ಕೂತಿರಿ. ದೇವರನಾಮಗಳು ಬರುವುದು ಆಮೇಲೆಯೇ. ಮಂಗಳ ಮುಗಿಯುವ ತನಕ ಏಳಬಾರದು.

ಮಳೆ

ಏಪ್ರಿಲ್ ನಡುವಿನಿಂದ ಅಶ್ವಿನಿ, ಆಮೇಲೆ ಭರಣಿ. ಸಂಜೆ ಐದಕ್ಕೆ ಗುಡುಗಿದರೆ ಕಛೇರಿ ನಿಂತಿತೆಂದು ಮನೆಗೆ ಹೋಗಬೇಡಿ, ಅರ್ಧ ಗಂಟೆ ತಡವಾಗಿ ಶುರುವಾಗುವುದೇ ಹೆಚ್ಚು. ಮಡಚುವ ಕೊಡೆ, ಮೊಬೈಲಿಗೆ ಒಂದು ಪ್ಲಾಸ್ಟಿಕ್ ಕವರ್, ಜಾರದ ಚಪ್ಪಲಿ.

ರಾತ್ರಿ ಊಟಕ್ಕೆ ಬದಲು

ಒಂಬತ್ತೂವರೆಗೆ ಹೊರಬಿದ್ದರೆ ಕೆ.ಆರ್. ಮಾರ್ಕೆಟ್ ಮೆಟ್ರೊ ನಿಲ್ದಾಣಕ್ಕೆ ನಡೆದು, ಹಸಿರು ಮಾರ್ಗದಲ್ಲಿ ಮುಂದಿನ ನಿಲ್ದಾಣವಾದ ನ್ಯಾಷನಲ್ ಕಾಲೇಜಿನಲ್ಲೇ ಇಳಿಯಿರಿ. ಅಲ್ಲಿಂದ ಸಜ್ಜನರಾವ್ ವೃತ್ತದ ತಿಂಡಿ ಬೀದಿಗೆ ಸ್ವಲ್ಪ ದೂರದ ನಡಿಗೆ. ಶನಿವಾರ, ಭಾನುವಾರ ಕಾಲಿಡಲು ಜಾಗವಿರುವುದಿಲ್ಲ, ವಾರದ ದಿನವೇ ಹೋಗಿ.

ಬೀದಿಯನ್ನು ಒಮ್ಮೆ ಈ ತುದಿಯಿಂದ ಆ ತುದಿಗೆ ನಡೆದು ನೋಡಿ, ಆಮೇಲೆ ಹಣ ಕೊಡಿ. ಮೊದಲ ಅಂಗಡಿಯಲ್ಲೇ ಹೊಟ್ಟೆ ತುಂಬಿಸಿಕೊಂಡವರಿಗೆ ಹೋಳಿಗೆಗೆ ಜಾಗ ಉಳಿಯುವುದಿಲ್ಲ. ಎಲ್ಲವನ್ನೂ ಬೈಟು (ಒಂದನ್ನೇ ಇಬ್ಬರಿಗೆ) ಹೇಳಿ. ಮೊದಲು ಪಡ್ಡು ಅಥವಾ ಅಕ್ಕಿರೊಟ್ಟಿ, ನಿಮ್ಮೆದುರಿಗೇ ಕಾವಲಿಯಿಂದ ಇಳಿಸಿದ್ದು. ಪಾನಿಪುರಿಗಿಂತ ಮಸಾಲೆ ಪುರಿ ಮೇಲು. ಕುದಿಯುತ್ತಿರುವ ಬಟಾಣಿ ಗ್ರೇವಿಯಲ್ಲಿ ನೀರಿನ ಭಯವಿಲ್ಲ. ರಾತ್ರಿ ಹತ್ತರ ಹೊತ್ತಿಗೆ ಕಾಯಿ ಚಟ್ನಿ ಮೂಸಿ ನೋಡಿ ಹಾಕಿಸಿಕೊಳ್ಳಿ. ಬೇಸಿಗೆಯಲ್ಲಿ ಮೊದಲು ಕೆಡುವುದು ಅದೇ. ಹೆಚ್ಚಿಟ್ಟ ಹಣ್ಣು, ಐಸ್ ಗೋಲಾ ಬೇಡ. ಕೆಂಪಗೆ ಹೊಳೆಯುವ ಗೋಬಿ ಮಂಚೂರಿಯನ್ನೂ ಬಿಡಿ. ಅದಕ್ಕೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಮೊಬೈಲ್ ಪಾವತಿ ಎಲ್ಲ ಕಡೆ ನಡೆಯುತ್ತದಾದರೂ ಜನಜಂಗುಳಿಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಇನ್ನೂರು ರೂಪಾಯಿ ಚಿಲ್ಲರೆ ನೋಟು ಇಟ್ಟುಕೊಂಡಿರಿ. ಕೊನೆಯ ಮೆಟ್ರೊ ಹನ್ನೊಂದರ ಸುಮಾರಿಗೆ. ಹತ್ತೂ ಮುಕ್ಕಾಲಿಗೆ ನಿಲ್ದಾಣದಲ್ಲಿರಬೇಕು.

ಕೊನೆಗೆ ಹೋಳಿಗೆ, ಬೇಳೆಯದು. ಕಾಯಿ ಹೋಳಿಗೆ ಆರಿದ ಮೇಲೂ ಚೆನ್ನ, ಬೇಳೆಯದಕ್ಕೆ ಬಿಸಿಯೇ ಬೇಕು. ಕಾವಲಿಯ ಮೇಲೆ ಉಬ್ಬಿ, ಅಲ್ಲಲ್ಲಿ ಕಂದು ಚುಕ್ಕಿ ಬಿದ್ದದ್ದನ್ನು ಕೇಳಿ ತೆಗೆಸಿಕೊಳ್ಳಿ, ಮೇಲೆ ಒಂದು ಚಮಚ ತುಪ್ಪ. ಮನೆಯವರಿಗೆ ಒಯ್ಯುವುದಾದರೆ ಬಿಸಿಯಿರುವಾಗಲೇ ಪ್ಲಾಸ್ಟಿಕ್ ಕವರಿಗೆ ಹಾಕಿಸಬೇಡಿ, ಬೆವರಿ ಒಂದಕ್ಕೊಂದು ಅಂಟಿಕೊಂಡು ಬಿಡಿಸುವಾಗ ಹರಿಯುತ್ತವೆ. ಬಾಳೆಎಲೆಯ ಮೇಲೆ ಎರಡು ನಿಮಿಷ ಆರಲು ಬಿಟ್ಟು, ನಡುವೆ ಎಲೆಯ ತುಂಡು ಇಡಿಸಿ ಕಟ್ಟಿಸಿಕೊಳ್ಳಿ.