ಸಂಜೆ ಗುಳಿಗಿ ನುಂಗುವ ಮುಂಚೆ ಕಿಡ್ನಿಯನ್ನೂ ನೆನೆಸಿಕೊಳ್ಳಿ

ನಮ್ಮ ಜಮಖಂಡಿ ಕಡೆ ಸಂಜೆ ಏಳರ ಹೊತ್ತಿಗೆ ಔಷಧಿ ಅಂಗಡಿ ಮುಂದೆ ಒಂದು ಹತ್ತು ನಿಮಿಷ ನಿಂತು ನೋಡಿ. ಇಡೀ ದಿನ ಕಬ್ಬಿನ ಹೊಲದಲ್ಲಿ ದುಡಿದು ಬಂದವರು "ಮೈ ಕೈ ಭಾಳ ನೋಯಾಕತ್ತಾವ, ಒಂದು ಗುಳಿಗಿ ಕೊಡ್ರಿ" ಅನ್ನುತ್ತಾರೆ. ಚೀಟಿ ಯಾರೂ ಕೇಳುವುದಿಲ್ಲ, ಎರಡು ಗುಳಿಗಿ ಕತ್ತರಿಸಿ ಕೈಗೆ ಕೊಡುತ್ತಾರೆ. ನಮ್ಮ ಕಾಕಾ ಹೀಗೇ ವರ್ಷಗಟ್ಟಲೆ ನುಂಗಿದರು, ಜೊತೆಗೆ ಬಿಪಿ ಬೇರೆ ಇತ್ತು. ಆಮೇಲೆ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ) ಏರಿದಾಗ ಡಾಕ್ಟರು ಮೊದಲು ಕೇಳಿದ್ದೇ ಈ ಗುಳಿಗಿ ಬಗ್ಗೆ.

ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ನೋವಿನ ಗುಳಿಗಿಗಳು ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ಬಿಸಿಲಿನಲ್ಲಿ ಬೆವತು ಮೈಯಲ್ಲಿ ನೀರೇ ಇಲ್ಲದಾಗ ನುಂಗಿದರೆ ಹೊಡೆತ ಇನ್ನೂ ಜಾಸ್ತಿ. ಹಾಗಾಗಿ ಮೊದಲು ನೀರು ಕುಡಿಯಿರಿ, ಬಿಸಿ ನೀರಿನ ಸ್ನಾನ ಮಾಡಿ, ನೋಯುವ ಕಡೆ ಕಾವು ಕೊಡಿ. ಅಷ್ಟಕ್ಕೂ ಆಗದಿದ್ದರೆ ಪ್ಯಾರಾಸಿಟಮಾಲ್ ಕಿಡ್ನಿಗೆ ಅದಕ್ಕಿಂತ ವಾಸಿ, ಆದರೆ ಅದನ್ನೂ ಮಿತಿ ಮೀರಿ ನುಂಗಬಾರದು. ಬಿಪಿ, ಸಕ್ಕರೆ ಕಾಯಿಲೆ ಇದ್ದವರು ಡಾಕ್ಟರನ್ನು ಕೇಳದೆ ಯಾವ ನೋವಿನ ಗುಳಿಗಿಯನ್ನೂ ಮುಟ್ಟಬೇಡಿ.

ನೀರನ್ನು ಹಗಲೆಲ್ಲ ಮರೆತು ಮಲಗುವ ಹೊತ್ತಿಗೆ ದೊಡ್ಡ ಚೊಂಬು ಎತ್ತಿದರೆ ರಾತ್ರಿಯಿಡೀ ಬಚ್ಚಲಿಗೆ ಓಡಾಟ, ನಿದ್ದೆ ಹಾಳು. ಮೂತ್ರ ತಿಳಿ ಹಳದಿ ಇದ್ದರೆ ಸಾಕು. ಕಿಡ್ನಿ ತೊಂದರೆ ಆಗಲೇ ಇದ್ದವರಿಗೆ ಮಾತ್ರ ಈ ಲೆಕ್ಕ ಬೇರೆ, ಎಷ್ಟು ಕುಡಿಯಬೇಕು ಅಂತ ಡಾಕ್ಟರೇ ಹೇಳಬೇಕು.

ಇನ್ನು ಊಟ. ಜೋಳದ ರೊಟ್ಟಿ ಪಾಪ ಏನೂ ಮಾಡುವುದಿಲ್ಲ, ಹಿಟ್ಟಿಗೆ ಉಪ್ಪೇ ಬೇಕಿಲ್ಲ. ತೊಂದರೆ ಇರೋದು ಅದರ ಪಕ್ಕದಲ್ಲಿ: ಶೇಂಗಾ ಚಟ್ನಿ, ರಂಜಕ, ಉಪ್ಪಿನಕಾಯಿ, ಹಪ್ಪಳ, ಮೇಲೆ ಉಪ್ಪು ಹಾಕಿದ ಮಜ್ಜಿಗೆ. ಒಬ್ಬರಿಗೆ ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಒಳಗೆ, ಅಂದರೆ ಒಂದು ಚಹಾ ಚಮಚದಷ್ಟು ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮನೆಯಲ್ಲಿ ಬೆಳಿಗ್ಗೆ ಒಂದು ಸಣ್ಣ ಬಟ್ಟಲಿಗೆ ತಲೆಗೊಂದು ಚಮಚ ಉಪ್ಪು ಅಳೆದಿಟ್ಟು ನೋಡಿದೆವು, ಸಂಜೆ ಪಲ್ಯಕ್ಕೆ ಬರುವಷ್ಟರಲ್ಲಿ ಬಟ್ಟಲು ಖಾಲಿ! ಅವ್ವ ನಂಬಲೇ ಇಲ್ಲ. ಈಗ ರಾತ್ರಿ ತಾಟಿನಲ್ಲಿ ಚಟ್ನಿ ಇದ್ದರೆ ಉಪ್ಪಿನಕಾಯಿ ಇಲ್ಲ, ಅಷ್ಟೇ ನಿಯಮ. ಸಂಜೆಯ ಮಿರ್ಚಿ ಭಜಿಯನ್ನು ಪೂರ್ತಿ ಬಿಡಿ ಅಂತ ನಾನು ಹೇಳೋದಿಲ್ಲ, ನನ್ನ ಕೈಲೇ ಆಗೋದಿಲ್ಲ, ಆದರೆ ಅದರಲ್ಲಿ ಹಾಕುವ ಸೋಡಾದಲ್ಲೂ ಸೋಡಿಯಂ ಇದೆ, ವಾರಕ್ಕೊಮ್ಮೆ ಸಾಕು ಅಲ್ವಾ? "ಲೋ ಸೋಡಿಯಂ" ಉಪ್ಪು ತರುವ ಮುಂಚೆಯೂ ಯೋಚಿಸಿ, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಕಿಡ್ನಿ ಸೋತವರಿಗೆ ಅದು ಅಪಾಯ.

ಊಟಕ್ಕೆ ಮುಂಚೆ ಬಿಪಿ ನೋಡಿಕೊಳ್ಳಿ. ಚಹಾ, ತಂಬಾಕು ಆಗಿ ಅರ್ಧ ಗಂಟೆಯಾದರೂ ಕಳೆದಿರಲಿ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ನೆ ಕೂತು, ಕೈಯನ್ನು ಮೇಜಿನ ಮೇಲಿಟ್ಟು ನೋಡಿ, ಬಂದ ಅಂಕಿಯನ್ನು ಕ್ಯಾಲೆಂಡರಿನಲ್ಲೇ ಬರೆಯಿರಿ. ಕೆಲವು ದಿನ ಸತತವಾಗಿ 140/90 ದಾಟುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಬಿಪಿ ಇಳಿಯಿತು ಅಂತ ಬಿಪಿ ಗುಳಿಗಿಯನ್ನು ನೀವೇ ನಿಲ್ಲಿಸಬೇಡಿ.

ಕಾಲ್ಚೀಲ ಬಿಚ್ಚಿದಾಗ ಪಾದದ ಮೇಲೆ ಬೆರಳಿಂದ ಒತ್ತಿ ನೋಡಿ. ಕುಳಿ ಬಿದ್ದು ಹಾಗೇ ಉಳಿದರೆ, ಮೂತ್ರದಲ್ಲಿ ದಿನಾ ನೊರೆ ಬರುತ್ತಿದ್ದರೆ ಕಿಡ್ನಿ ಪರೀಕ್ಷೆ ಮಾಡಿಸಿ. ಸಕ್ಕರೆ, ಬಿಪಿ ಇದ್ದವರಂತೂ ಏನೂ ಕಾಣದಿದ್ದರೂ ವರ್ಷಕ್ಕೊಮ್ಮೆ ಮಾಡಿಸಲೇಬೇಕು. ಕ್ರಿಯಾಟಿನಿನ್ ಒಂದನ್ನೇ ನಂಬಬೇಡಿ, ಕಿಡ್ನಿ ಅರ್ಧದಷ್ಟು ಸೋತರೂ ಅದು ಸರಿಯಾಗೇ ಕಾಣಬಹುದು, ಮೂತ್ರದಲ್ಲಿ ಅಲ್ಬುಮಿನ್ ಅನ್ನುವ ಪ್ರೋಟೀನ್ ಸೋರುತ್ತಿದೆಯಾ ಅಂತ ನೋಡುವ ಪರೀಕ್ಷೆಯೂ ಬೇಕು. ಅದಕ್ಕೆ ಬೆಳಗಿನ ಮೊದಲ ಮೂತ್ರ ಒಳ್ಳೆಯದು, ಎದ್ದ ಗಡಿಬಿಡಿಯಲ್ಲಿ ಮರೆತೇ ಹೋಗುತ್ತದೆ. ಲ್ಯಾಬಿನವರು ಕೊಟ್ಟ ಡಬ್ಬಿಯನ್ನು ರಾತ್ರಿಯೇ ಬಚ್ಚಲಲ್ಲಿ ಕಣ್ಣಿಗೆ ಬೀಳುವ ಕಡೆ ಇಟ್ಟು ಮಲಗಿ.