ಅಕ್ವೇರಿಯಂಗೆ ನಲ್ಲಿ ನೀರು: ಬಕೆಟ್ಟಿನಲ್ಲೇ ಹದಗೊಳಿಸುವುದನ್ನು ನಾನು ಕಲಿತದ್ದು

ನಮ್ಮ ಮನೆಯ ಅಕ್ವೇರಿಯಂ ಮೂರು ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದೂವರೆ ಅಡಿ ಎತ್ತರದ್ದು. ಮರಳು, ಕಲ್ಲು ಮತ್ತು ಮೇಲೆ ಬಿಡುವ ಖಾಲಿ ಜಾಗವನ್ನು ಕಳೆದರೆ ಅದರಲ್ಲಿ ಸುಮಾರು 130 ಲೀಟರ್ ನೀರು ಹಿಡಿಯುತ್ತದೆ. ಪ್ರತಿ ಭಾನುವಾರ 20 ಲೀಟರಿನ ಎರಡು ಬಕೆಟ್ ಹಳೆಯ ನೀರನ್ನು ಪೈಪಿನಿಂದ ಎಳೆದು ಹೊರಹಾಕಿ, ಅಷ್ಟೇ ಹೊಸ ನೀರನ್ನು ತುಂಬುತ್ತೇನೆ. ತೆಗೆಯುವ ನೀರಿನ ವಿಷಯದಲ್ಲಿ ಹೇಳಬೇಕಾದದ್ದು ಹೆಚ್ಚೇನಿಲ್ಲ. ಅದು ನೇರವಾಗಿ ಗಿಡದ ಕುಂಡಗಳಿಗೆ ಹೋಗುತ್ತದೆ. ತುಂಬುವ ನೀರಿನ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪು ಏಳು ಮೀನುಗಳ ಪ್ರಾಣ ತೆಗೆಯಿತು.

ಬೆಂಗಳೂರಿನ ನಮ್ಮ ವಸತಿ ಸಮುಚ್ಚಯದ ನಲ್ಲಿಯಲ್ಲಿ ಬರುವುದು ಯಾವಾಗಲೂ ಒಂದೇ ನೀರಲ್ಲ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡು ಬರುವ ಕಾವೇರಿ ನೀರು, ನಮ್ಮದೇ ಬೋರ್‌ವೆಲ್ಲಿನ ನೀರು, ಬೇಸಿಗೆಯಲ್ಲಿ ಟ್ಯಾಂಕರಿನ ನೀರು, ಈ ಮೂರೂ ಸಂಪಿನಲ್ಲಿ ಬೆರೆತು ಮೇಲಿನ ಟ್ಯಾಂಕಿಗೆ ಏರುತ್ತವೆ. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಇರಲೂಬೇಕು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನಮಗೆ ಅದು ರಕ್ಷಣೆ. ಮೀನಿಗೆ ಹಾಗಲ್ಲ. ಅದರ ಕಿವಿರುಗಳಲ್ಲಿ ನೀರಿಗೂ ರಕ್ತಕ್ಕೂ ನಡುವೆ ಇರುವುದು ಅತಿ ತೆಳುವಾದ ಒಂದು ಪೊರೆ ಮಾತ್ರ. ಕ್ಲೋರಿನ್ ಆ ಪೊರೆಯನ್ನೇ ಸುಡುತ್ತದೆ. ಲೀಟರಿಗೆ 0.1 ಮಿಲಿಗ್ರಾಮಿಗಿಂತ ಕಡಿಮೆ ಇದ್ದರೂ ಅನೇಕ ಜಾತಿಯ ಮೀನುಗಳಿಗೆ ಅದು ಹಾನಿಯೇ.

ಇದು ನನಗೆ ತಿಳಿಯದ ಸಂಗತಿಯೇನೂ ಆಗಿರಲಿಲ್ಲ. ಪ್ರತಿ ಬಕೆಟ್ಟಿಗೂ ಆಂಟಿಕ್ಲೋರಿನ್ ದ್ರಾವಣವನ್ನು ಸಿರಿಂಜಿನಿಂದ ಒಂದು ಮಿಲಿಲೀಟರ್ ಅಳೆದು ಹಾಕುತ್ತಿದ್ದೆ. ವರ್ಷಗಟ್ಟಲೆ ಅದು ಸಾಕಾಗಿತ್ತು. ಒಂದು ಶನಿವಾರ ನಮ್ಮ ಸಂಪು ಮತ್ತು ಮೇಲಿನ ಟ್ಯಾಂಕುಗಳನ್ನು ಬ್ಲೀಚಿಂಗ್ ಪೌಡರ್ ಹಾಕಿ ತೊಳೆದಿದ್ದರು. ನಾನು ಊರಿನಲ್ಲಿರಲಿಲ್ಲವಾದ್ದರಿಂದ ನನಗೆ ಅದು ಗೊತ್ತಾಗಲಿಲ್ಲ. ಭಾನುವಾರ ಎಂದಿನಂತೆ ನೀರು ಬದಲಿಸಿದೆ. ಹತ್ತು ನಿಮಿಷ ಕಳೆಯುವುದರೊಳಗೆ ಏಂಜೆಲ್ ಮೀನುಗಳು ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡತೊಡಗಿದವು. ಸಾಮಾನ್ಯವಾಗಿ ತಳದಲ್ಲೇ ಮರಳು ಕೆದಕುತ್ತಿರುವ ಕೋರಿಡೋರಸ್‌ಗಳು ಗಾಜಿನುದ್ದಕ್ಕೂ ಮೇಲೆ ಕೆಳಗೆ ಓಡುತ್ತಿದ್ದವು. ಉಳಿದ ನಲ್ಲಿ ನೀರನ್ನು ಪರೀಕ್ಷಾ ನಳಿಕೆಯಲ್ಲಿ ಹಿಡಿದು ಕ್ಲೋರಿನ್ ಕಿಟ್ಟಿನ ಹನಿ ಬಿಟ್ಟಾಗ, ತಿಳಿ ಹಳದಿಗೆ ತಿರುಗಬೇಕಾದ ನೀರು ಅರಿಶಿನ ಕದಡಿದ ಬಣ್ಣವನ್ನೂ ದಾಟಿ ಕಿತ್ತಳೆಗೆ ತಿರುಗಿತು. ಕಿಟ್ಟಿನ ಪಟ್ಟಿಯಲ್ಲಿದ್ದ ಕೊನೆಯ ಬಣ್ಣಕ್ಕಿಂತಲೂ ಅದು ಗಾಢವಾಗಿತ್ತು.

ತಕ್ಷಣ ಇಡೀ 130 ಲೀಟರಿಗೆ ಲೆಕ್ಕಹಾಕಿ ಆಂಟಿಕ್ಲೋರಿನ್ ಸುರಿದೆ, ಗಾಳಿಗುಳ್ಳೆ ಬಿಡುವ ಎರಡು ಏರ್ ಸ್ಟೋನ್ ಇಳಿಸಿದೆ. ಕ್ಲೋರಿನ್ ನಿಮಿಷದೊಳಗೆ ಹೋಯಿತು. ಆದರೆ ಸುಟ್ಟ ಕಿವಿರು ನಿಮಿಷದಲ್ಲಿ ವಾಸಿಯಾಗುವುದಿಲ್ಲ. ಸಂಜೆಯೊಳಗೆ ಐದು ಮೀನು ಸತ್ತವು. ಬದುಕುಳಿದವು ಚೇತರಿಸಿಕೊಂಡವು ಎಂದುಕೊಂಡಿರುವಾಗ ಮೂರನೆಯ ದಿನ ಮೀನಿನ ತ್ಯಾಜ್ಯದಿಂದ ಬರುವ ವಿಷಕಾರಿ ಅಮೋನಿಯಾ ನೀರಿನಲ್ಲಿ ಕಾಣಿಸಿಕೊಂಡಿತು, ಏಕೆಂದರೆ ಫಿಲ್ಟರಿನ ಸ್ಪಂಜಿನಲ್ಲಿ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳೂ ಅದೇ ನೀರಿನಲ್ಲಿ ಸತ್ತಿದ್ದವು. ಮತ್ತೆರಡು ಮೀನು ಹೋದದ್ದು ಆಗ. ಎರಡು ವಾರ ಆಹಾರವನ್ನು ತೀರಾ ಕಡಿಮೆ ಮಾಡಿ, ದಿನಕ್ಕೊಂದು ಬಕೆಟ್ ಬದಲಿಸಿ ಉಳಿದವನ್ನು ಉಳಿಸಿಕೊಂಡೆ.

ಆ ದಿನದ ನಂತರ ಲೆಕ್ಕವನ್ನು ಕೂತು ಮಾಡಿದೆ. ಆಂಟಿಕ್ಲೋರಿನ್ ಎಂದು ಮಾರುವುದರಲ್ಲಿ ಬಹುಪಾಲು ಸೋಡಿಯಂ ಥಯೋಸಲ್ಫೇಟ್, ಹಿಂದೆ ಫೋಟೋ ಸ್ಟುಡಿಯೋಗಳಲ್ಲಿ ಹೈಪೋ ಎನ್ನುತ್ತಿದ್ದ ಅದೇ ಹರಳು. ಒಂದು ಮಿಲಿಗ್ರಾಂ ಕ್ಲೋರಿನ್ನಿಗೆ ಏಳು ಮಿಲಿಗ್ರಾಂ ಹೈಪೋ ಇದ್ದರೆ ಧೈರ್ಯವಾಗಿರಬಹುದು. ನಾನು 100 ಗ್ರಾಂ ಹರಳನ್ನು ಒಂದು ಲೀಟರ್ ದ್ರಾವಣವಾಗಿ ಮಾಡಿಟ್ಟುಕೊಳ್ಳುವುದರಿಂದ ಪ್ರತಿ ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ ಇರುತ್ತದೆ. ಅಂದರೆ ನನ್ನ ಹಳೆಯ ಒಂದು ಮಿಲಿಲೀಟರ್, 20 ಲೀಟರಿನ ಬಕೆಟ್ಟಿನಲ್ಲಿ ಲೀಟರಿಗೆ 0.7 ಮಿಲಿಗ್ರಾಂ ಕ್ಲೋರಿನ್ ಇರುವವರೆಗೆ ಮಾತ್ರ ಸಾಲುತ್ತಿತ್ತು. 3 ಮಿಲಿಗ್ರಾಂ ಇದ್ದರೆ 4.2 ಮಿಲಿಲೀಟರ್ ಬೇಕು. ಈಗ ಮೊದಲು ನಲ್ಲಿ ನೀರನ್ನು ಪರೀಕ್ಷಿಸಿ, ಬಣ್ಣ ನೋಡಿ ಅಳತೆ ನಿರ್ಧರಿಸಿ, ಬಕೆಟ್ಟಿಗೆ ಹಾಕಿ ಕಲಕಿ, ಐದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸುತ್ತೇನೆ. ನಳಿಕೆಯ ನೀರಿಗೆ ಬಣ್ಣವೇ ಬರಬಾರದು. ಆ ನಳಿಕೆಯ ನೀರನ್ನು ಮಾತ್ರ ಎಂದೂ ಅಕ್ವೇರಿಯಂಗೆ ಸುರಿಯಬಾರದು. ಹೈಪೋ ದ್ರಾವಣವನ್ನು ಕಂದು ಸೀಸೆಯಲ್ಲಿ, ಬೆಳಕು ತಾಗದಂತೆ ಇಟ್ಟು, ಎರಡು ತಿಂಗಳಿಗೊಮ್ಮೆ ಹೊಸದಾಗಿ ಮಾಡುತ್ತೇನೆ. ಮಬ್ಬಾದ ದ್ರಾವಣವನ್ನು ನಂಬುವಂತಿಲ್ಲ.

ನೀರನ್ನು ಒಂದು ದಿನ ತೆರೆದಿಟ್ಟರೆ ಸಾಕು ಎನ್ನುವವರು ಬಹಳ. ಅಗಲ ಬಾಯಿಯ ಡ್ರಮ್ಮಿನಲ್ಲಿ ಏರ್ ಸ್ಟೋನ್ ಹಾಕಿಟ್ಟರೆ ಕ್ಲೋರಿನ್ ಹಾರಿಹೋಗುವುದು ನಿಜ, ಮುಚ್ಚಿಟ್ಟ ಡ್ರಮ್ಮಿನಲ್ಲಿ ಅಲ್ಲ. ಸೊಳ್ಳೆ ಮೊಟ್ಟೆಯಿಡದಂತೆ ನಾನು ಡ್ರಮ್ಮಿನ ಬಾಯಿಗೆ ನೈಲಾನ್ ಪರದೆ ಕಟ್ಟುತ್ತೇನೆ. ಡೆಂಗಿ ಕಾಲದಲ್ಲಿ ಇದನ್ನು ಮರೆಯುವ ಹಾಗಿಲ್ಲ. ಆದರೆ ಈ ಉಪಾಯ ಎಲ್ಲ ಊರಿಗೂ ಹೊಂದುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ನನ್ನ ತಂಗಿ ಮೀನು ಸಾಕಲು ಶುರುಮಾಡಿದಾಗ, "ಅಣ್ಣಾ, ಎರಡು ದಿನ ಇಟ್ಟ ನೀರಿಗೂ ಕಿಟ್ಟಿನಲ್ಲಿ ಬಣ್ಣ ಬರುತ್ತಲ್ಲ" ಎಂದು ಫೋನ್ ಮಾಡಿದಳು. ಅಲ್ಲಿ 2004ರಿಂದ ನೀರಿಗೆ ಕ್ಲೋರಿನ್ ಮತ್ತು ಅಮೋನಿಯಾ ಸೇರಿದ ಕ್ಲೋರಾಮಿನ್ ಬಳಸುತ್ತಾರೆ. ಅದು ಕ್ಲೋರಿನ್ನಿನಂತೆ ಬೇಗ ಹಾರುವುದಿಲ್ಲ. ಹೈಪೋ ಅದನ್ನು ಒಡೆಯುತ್ತದೆ, ಆದರೆ ಹಿಂದೆ ಅಮೋನಿಯಾ ಉಳಿಯುತ್ತದೆ. ಹಾಗಾಗಿ ಅವಳು ಅಮೋನಿಯಾವನ್ನೂ ಕಟ್ಟಿಹಾಕುವ ಕಂಡಿಷನರನ್ನೇ ಬಳಸಬೇಕಾಯಿತು.

ಬೋರ್‌ವೆಲ್ ನೀರಿನಲ್ಲಿ ಕ್ಲೋರಿನ್ ಇಲ್ಲವೆಂದು ನೇರವಾಗಿ ಸುರಿಯುವುದೂ ತಪ್ಪು. ಆಳದಿಂದ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ನಮ್ಮ ಬೋರ್‌ವೆಲ್ ನೀರನ್ನು ಹಿಡಿದ ಕೂಡಲೇ ಅಳೆದರೆ ಪಿಎಚ್ (ಆಮ್ಲ-ಕ್ಷಾರದ ಅಳತೆ) 7ರ ಆಸುಪಾಸು. ಒಂದು ದಿನ ಗಾಳಿಯಾಡಿಸಿದ ಮೇಲೆ ಅದೇ ನೀರು 8ಕ್ಕೆ ಬರುತ್ತದೆ. ಈ ವ್ಯತ್ಯಾಸ ಸಣ್ಣದಲ್ಲ: 25 ಡಿಗ್ರಿಯ ನೀರಿನಲ್ಲಿ ಪಿಎಚ್ 7 ಇದ್ದಾಗ ಅಮೋನಿಯಾದಲ್ಲಿ ವಿಷಕಾರಿ ರೂಪ ಶೇಕಡಾ 1ಕ್ಕಿಂತ ಕಡಿಮೆ, 8 ಆದರೆ ಸುಮಾರು ಶೇಕಡಾ 5. ಬೇಸಿಗೆಯಲ್ಲಿ ಕಾವೇರಿ ಕಡಿಮೆಯಾಗಿ ಬೋರ್‌ವೆಲ್ ಹೆಚ್ಚಾದಾಗ ನಮ್ಮ ನಲ್ಲಿಯ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ, 300ರಿಂದ 900ಕ್ಕೆ ಏರಿದ್ದನ್ನು ನಾನೇ ಅಳೆದಿದ್ದೇನೆ. ಅಂಥ ವಾರಗಳಲ್ಲಿ ಎರಡು ಬಕೆಟ್ ಬದಲು ಒಂದೇ ಬಕೆಟ್, ಅದರಲ್ಲಿ ಅರ್ಧ ಆರ್‌ಒ ನೀರು ಬೆರೆಸಿ, ವಾರಕ್ಕೆ ಎರಡು ಸಲ ಹಾಕುತ್ತೇನೆ.

ಬಿಸಿ ತಂಪು ನೋಡಿಕೊಳ್ಳುವುದು ಸುಲಭ. ಏಪ್ರಿಲ್ ಮಧ್ಯಾಹ್ನ ಮೇಲಿನ ಟ್ಯಾಂಕಿನ ನೀರು ಕೈಗೆ ಬಿಸಿ ತಾಗುತ್ತದೆ, ಡಿಸೆಂಬರ್ ಬೆಳಿಗ್ಗೆ ಅದೇ ನೀರು ಕೊರೆಯುತ್ತದೆ. ಥರ್ಮಾಮೀಟರಿನಲ್ಲಿ ಬಕೆಟ್ಟಿಗೂ ಅಕ್ವೇರಿಯಂಗೂ ಎರಡು ಡಿಗ್ರಿಗಿಂತ ಹೆಚ್ಚು ಅಂತರವಿದ್ದರೆ ಕಾಯುತ್ತೇನೆ. ಸ್ಪಂಜನ್ನು ನಲ್ಲಿಯಡಿ ತೊಳೆಯುವುದನ್ನು ನಿಲ್ಲಿಸಿ, ಹೊರತೆಗೆದ ಹಳೆಯ ನೀರಿನಲ್ಲೇ ಹಿಂಡುತ್ತೇನೆ.

ಟ್ಯಾಂಕ್ ತೊಳೆಯುವ ದಿನಾಂಕವನ್ನು ಈಗ ನಮ್ಮ ಕಾವಲುಗಾರರು ಎರಡು ದಿನ ಮುಂಚೆಯೇ ನನಗೆ ತಿಳಿಸುತ್ತಾರೆ. ಹಿಂದಿನ ರಾತ್ರಿ 50 ಲೀಟರಿನ ಡ್ರಮ್ ತುಂಬಿಸಿ ಪರದೆ ಕಟ್ಟಿಡುತ್ತೇನೆ. ಆ ಭಾನುವಾರದ ಎರಡು ಬಕೆಟ್ ಅದರಿಂದಲೇ ಬರುತ್ತವೆ.