ಸಂಪ್ ನೀರು ನಾರುತ್ತಿದೆಯಾ? ಬ್ಲೀಚಿಂಗ್ ಪೌಡರ್ ಆಮೇಲೆ ಹಾಕಿ

ಮಳವಳ್ಳಿ ಬಳಿಯ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಕಾವೇರಿ ನೀರು ಶುದ್ಧವಾಗಿಯೇ ಹೊರಡುತ್ತದೆ. ಅದು ಕೆಡುವುದು ಹೆಚ್ಚಾಗಿ ನಮ್ಮ ಬೀದಿಯಲ್ಲಿ, ಇಲ್ಲವೇ ನಮ್ಮದೇ ಸಂಪಿನಲ್ಲಿ. ಎಲ್ಲಿ ಅಂತ ತಿಳಿಯದೆ ಬ್ಲೀಚಿಂಗ್ ಪೌಡರ್ ಸುರಿಯುವುದು ದಂಡ.

ವಾಸನೆ ಬಂದ ಕೂಡಲೇ ಮೋಟಾರ್ ಆಫ್ ಮಾಡಿ. ಗಲೀಜು ಮೇಲಿನ ಟ್ಯಾಂಕಿಗೂ ಹೋದರೆ ಕೆಲಸ ಜಾಸ್ತಿ.

ಮುಂದಿನ ಸಲ ನೀರು ಬಿಟ್ಟಾಗ ಸಂಪಿಗೆ ಬೀಳುವ ಪೈಪಿಗೇ ಬಿಳಿ ಬಕೆಟ್ ಹಿಡಿಯಿರಿ. ಮೊದಲ ನೀರು ಒಂದು ಬಕೆಟ್, ಹತ್ತು ನಿಮಿಷ ಬಿಟ್ಟು ಇನ್ನೊಂದು. ಮೊದಲನೆಯದು ಕಪ್ಪಗಿದ್ದು ನಾರುತ್ತಿದ್ದರೆ, ಎರಡನೆಯದು ತಿಳಿಯಾಗಿದ್ದರೆ, ಬೀದಿ ಪೈಪಿನ ಮೇಲೆ ಅನುಮಾನ ಪಡಿ. ದಿನ ಬಿಟ್ಟು ದಿನ ನೀರು ಬರುವ ಕಡೆ, ನೀರು ನಿಂತಾಗ ಪೈಪಿನಲ್ಲಿ ಒತ್ತಡ ಇರುವುದಿಲ್ಲ. ಪಕ್ಕದಲ್ಲಿ ಒಳಚರಂಡಿ ಸೋರುತ್ತಿದ್ದರೆ ಆ ಕೊಳಚೆ ಬಿರುಕಿನಿಂದ ಒಳಗೆ ನುಗ್ಗುತ್ತದೆ. ಜಲಮಂಡಳಿಯ 1916ಕ್ಕೆ ಫೋನ್ ಮಾಡಿ. ಅಕ್ಕಪಕ್ಕದವರಿಗೂ ಮಾಡಲು ಹೇಳಿ. ಯಾವ ಯಾವ ಮನೆಗೆ ಗಲೀಜು ಬರುತ್ತಿದೆ ಅಂತ ಗೊತ್ತಾದರೆ ಒಡೆದ ಜಾಗ ಹುಡುಕುವುದು ಸುಲಭ.

ಎರಡೂ ಬಕೆಟ್ ತಿಳಿಯಾಗಿದ್ದರೆ ಕಳ್ಳ ಮನೆಯೊಳಗೇ ಇದ್ದಾನೆ. ಸಂಪಿನ ಪಕ್ಕದ ಒಳಚರಂಡಿ ಚೇಂಬರ್ ನೋಡಿ. ಚಿಕ್ಕ ಸೈಟಿನಲ್ಲಿ ಎರಡನ್ನೂ ಒತ್ತೊತ್ತಿಗೆ ಕಟ್ಟಿರುತ್ತಾರೆ, ಏನು ಮಾಡೋದು! ಸಂಪ್ ಖಾಲಿ ಮಾಡಿ, ತಿಂಡಿಗೆ ಹಾಕುವ ಕೆಂಪು ಬಣ್ಣ ಕಲಸಿದ ನೀರನ್ನು ಚೇಂಬರಿಗೆ ಸುರಿಯಿರಿ. ಮಾರನೇ ದಿನ ಮೇಲಿನಿಂದಲೇ ಟಾರ್ಚ್ ಬಿಟ್ಟು ನೋಡಿ. ಸಂಪಿನ ಗೋಡೆ ಮೇಲೆ ಕೆಂಪು ಗೆರೆ ಇಳಿದಿದ್ದರೆ ಬಿರುಕು ಅಲ್ಲೇ. ಗೆರೆ ಕಾಣದಿದ್ದರೂ ಚೇಂಬರನ್ನು ಪೂರ್ತಿ ನಂಬಬೇಡಿ, ಬಣ್ಣವನ್ನು ಮಣ್ಣು ಹೀರಿಕೊಂಡಿರಬಹುದು. ಸಂಪಿನ ಓವರ್‌ಫ್ಲೋ ಪೈಪನ್ನು ಚರಂಡಿಗೆ ಬಿಟ್ಟಿದ್ದರೆ ಮಳೆಗಾಲದಲ್ಲಿ ಕೊಳಚೆ ಅದರಿಂದಲೂ ವಾಪಸ್ ಬರುತ್ತದೆ.

ಕೊಳಚೆ ಸೇರಿದ ಸಂಪಿನಲ್ಲಿ ವಿಷಗಾಳಿ ಇರಬಹುದು. ಮೊದಲು ಮೇಲಿನಿಂದಲೇ ಜೆಟ್ ಬಿಟ್ಟು ತೊಳೆಸಿ, ಬ್ಲೋವರ್‌ನಿಂದ ಗಾಳಿ ಆಡಿಸಿ. ಪ್ಲಾಸ್ಟರ್‌ ಕೆಲಸದವರು ಇಳಿಯುವುದು ಆಮೇಲೆ, ಅದೂ ಮೇಲೆ ಒಬ್ಬರು ಕಾಯುತ್ತಿದ್ದಾಗ ಮಾತ್ರ. ಒಳಚರಂಡಿ ಮ್ಯಾನ್‌ಹೋಲ್‌ ಶುಚಿ ಮಾಡಲು ಯಾರನ್ನೂ ಇಳಿಸಲೇಬೇಡಿ. ಸುರಕ್ಷಾ ಸಾಧನವಿಲ್ಲದೆ ಹಾಗೆ ಇಳಿಸುವುದು, ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಅಪರಾಧ.

ಬ್ಲೀಚಿಂಗ್ ಪೌಡರ್ ಸರದಿ ಈಗ. ಸಂಪಿಗೆ ಮತ್ತೆ ನೀರು ತುಂಬಿದ ಮೇಲೆ 1,000 ಲೀಟರಿಗೆ 2.5 ಗ್ರಾಂ ಸಾಕು. ಡಬ್ಬಿ ಹಳೆಯದಾಗಿದ್ದರೆ ಕ್ಲೋರಿನ್ ಹಾರಿಹೋಗಿರುತ್ತದೆ, ಹೊಸದು ತನ್ನಿ. ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿನೀರನ್ನಷ್ಟೇ ಸಂಪಿಗೆ ಸುರಿಯಿರಿ. ಒಂದು ಗಂಟೆ ಬಿಟ್ಟು ಕ್ಲೋರಿನ್ ಕಿಟ್‌ನಲ್ಲಿ ಪರೀಕ್ಷಿಸಿ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಇಲ್ಲದಿದ್ದರೆ ಇನ್ನಷ್ಟು ಹಾಕಿ, ಮತ್ತೆ ನೋಡಿ. ಆಮೇಲಷ್ಟೇ ಮೋಟಾರ್ ಆನ್ ಮಾಡಿ.